ನಿನ್ನ ತಾಯಿಯನ್ನು ಎಣಿಸಿದ್ದರೇನು?

2010ರ ಬೇಸಿಗೆ ರಜೆಯಲ್ಲಿ ನನಗೆ ಮನೆಪಟ್ಟಿಯ ಕೆಲಸ ಬಿತ್ತು. ಜನಗಣತಿಗೆ ಮೊದಲು ಮನೆಮನೆಗೆ ಹೋಗಿ ಗೋಡೆ ಯಾವುದರದ್ದು, ಚಾವಣಿ ಯಾವುದರದ್ದು, ನೀರು ಎಲ್ಲಿಂದ, ಸೈಕಲ್ಲಿದೆಯೇ, ಟಿ.ವಿ. ಇದೆಯೇ ಎಂದು ಬರೆದುಕೊಳ್ಳುವ ಕೆಲಸ. ನಮ್ಮಂಥ ಮೇಷ್ಟ್ರುಗಳಿಗೆ ಇದೇನೂ ಹೊಸದಲ್ಲ. 2001ರಲ್ಲೂ ಮಾಡಿದ್ದೆ. ಊರಿನ ಕೊನೆಯ ಬೀದಿಯ ಒಂದು ಮನೆಯ ಜಗಲಿಯ ಮೇಲೆ ಅಜ್ಜಿಯೊಬ್ಬಳು ಮೊರದಲ್ಲಿ ರಾಗಿ ಕೇರುತ್ತಾ ಕೂತಿದ್ದಳು. ನನ್ನ ಮೂರನೆಯ ಪ್ರಶ್ನೆಗೇ ಮೊರ ಕೆಳಗಿಟ್ಟಳು.

"ಟೀಚರಮ್ಮ, ಇದೆಲ್ಲಾ ಯಾಕೆ ಬರ್ಕೊಳ್ತಿದ್ದೀಯವ್ವ? ಕಂದಾಯ ಹಾಕಾಕಾ?"

"ಇಲ್ಲ ಅಜ್ಜಿ, ಸುಮ್ಮನೆ ಲೆಕ್ಕಕ್ಕೆ" ಅಂದೆ.

"ಸುಮ್ಮನೆ ಯಾರಾನಾ ಲೆಕ್ಕ ಹಾಕ್ತಾರಾ? ನಮ್ಮ ಲೆಕ್ಕ ಇಟ್ಕೊಂಡು ಯಾರಿಗೇನಾಗ್ಬೇಕು?" ಎಂದು ಅವಳು ನನ್ನ ಕೈಯ ಕಾಗದದ ಕಟ್ಟನ್ನೇ ನೋಡಿದಳು. ಆ ನೋಟಕ್ಕೆ ನಾನು ಒಂದು ಕ್ಷಣ ತಬ್ಬಿಬ್ಬಾದೆ. ಆಗ ನನಗೆ ನೆನಪಾದದ್ದು ನಮ್ಮ ಊರೂ ಅಲ್ಲ, ನಮ್ಮ ದೇಶವೂ ಅಲ್ಲ. ಆಫ್ರಿಕದ ನೈಜೀರಿಯಾ. ಅಲ್ಲಿ 1929ರಲ್ಲಿ ಹೀಗೆಯೇ ಕಾಗದ ಹಿಡಿದು ಒಬ್ಬ ಹೆಂಗಸಿನ ಅಂಗಳಕ್ಕೆ ಹೋಗಿ ನಿಂತ ಒಬ್ಬ ಮೇಷ್ಟ್ರು.

ಈ ಕಥೆ ನನಗೆ ಮೊದಲು ಗೊತ್ತಾದದ್ದು ನಮ್ಮ ಚಿಕ್ಕಮ್ಮನಿಂದ. ಚಿಕ್ಕಮ್ಮ, ಚಿಕ್ಕಪ್ಪ ಇಬ್ಬರೂ ನೈಜೀರಿಯಾದಲ್ಲಿ ಏಳು ವರ್ಷ ಮೇಷ್ಟ್ರುಗಳಾಗಿದ್ದರು. ಈಗಿನ ಹುಡುಗಿಯರಿಗೆ ಇದು ವಿಚಿತ್ರವೆನಿಸಬಹುದು. ಆದರೆ 1970ರ ದಶಕದಲ್ಲಿ ಆ ದೇಶದಲ್ಲಿ ಪೆಟ್ರೋಲಿಯಂ ಎಣ್ಣೆಯ ಹಣ ಹೊಳೆಯಾಗಿ ಹರಿಯುತ್ತಿತ್ತು. 1976ರಲ್ಲಿ ಅಲ್ಲಿನ ಸರ್ಕಾರ ಎಲ್ಲ ಮಕ್ಕಳಿಗೂ ಉಚಿತ ಪ್ರಾಥಮಿಕ ಶಿಕ್ಷಣವೆಂದು ಸಾರಿತು. ಶಾಲೆಗಳೇನೋ ಎದ್ದವು, ಪಾಠ ಹೇಳುವವರು ಸಾಲದಾದರು. ನಮ್ಮ ದೇಶದಿಂದ ಎಷ್ಟೋ ಜನ ಗಣಿತ, ವಿಜ್ಞಾನದ ಮೇಷ್ಟ್ರುಗಳು ಅಲ್ಲಿಗೆ ಹೋದರು. ಚಿಕ್ಕಮ್ಮನವರು ಇದ್ದದ್ದು ಆ ದೇಶದ ಆಗ್ನೇಯ ಭಾಗದಲ್ಲಿ, ಅಬಾ ಎಂಬ ದೊಡ್ಡ ಪೇಟೆಗೆ ಹತ್ತಿರದ ಒಂದು ಊರಿನಲ್ಲಿ. ಇಗ್ಬೊ ಜನರ ಸೀಮೆ ಅದು. ಎಣ್ಣೆಯ ಬೆಲೆ ಬಿದ್ದು, ನೈರಾ ಎಂಬ ಅಲ್ಲಿನ ನಾಣ್ಯವೂ ಕುಸಿದ ಮೇಲೆ, 1986ರಲ್ಲಿ ಅವರು ವಾಪಸು ಬಂದರು. ಬರುವಾಗ ಬಣ್ಣ ಬಣ್ಣದ ದೊಡ್ಡ ಹೂವಿನ ಬಟ್ಟೆ ತಂದಿದ್ದರು. ಸೀರೆಯಷ್ಟು ಉದ್ದವಿಲ್ಲ, ಲುಂಗಿಗೆ ಹೆಚ್ಚು. ನಮ್ಮ ಮನೆಯಲ್ಲಿ ಅದು ಬಹಳ ಕಾಲ ಮಂಚದ ಹೊದಿಕೆಯಾಗಿತ್ತು.

ಚಿಕ್ಕಮ್ಮನಿಗೆ ಅಲ್ಲಿ ವಾರದ ಸಂತೆಯೇ ದೊಡ್ಡ ಸಂಭ್ರಮವಂತೆ. ಸಂತೆಯ ತುಂಬ ಹೆಂಗಸರದೇ ರಾಜ್ಯ. ಮೆಣಸಿನಕಾಯಿ, ಒಣಮೀನು, ಬಟ್ಟೆ, ಯಾಮ್ ಎಂಬ ದಪ್ಪ ಗೆಡ್ಡೆ, ಕುಂಕುಮದ ನೀರಿನಂಥ ಕೆಂಪು ತಾಳೆ ಎಣ್ಣೆ ಎಲ್ಲವನ್ನೂ ಮಾರುವವರು ಹೆಂಗಸರೇ. ಎಣ್ಣೆ ಮಾರುವ ಎಪ್ಪತ್ತು ದಾಟಿದ ಮುದುಕಿಯೊಬ್ಬಳು ಚಿಕ್ಕಮ್ಮನನ್ನು "ಮಗಳೇ" ಎಂದೇ ಕರೆಯುತ್ತಿದ್ದಳು. ಒಂದು ದಿನ ಚಿಕ್ಕಮ್ಮ ಮಾತಿಗೆ "ನಿಮಗೆಷ್ಟು ಮಕ್ಕಳಮ್ಮ?" ಎಂದು ಕೇಳಿದರಂತೆ. ಮುದುಕಿ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳಂತೆ: "ಟೀಚರ್, ಅಜ್ಜಿಯ ಕಾಲದವರು ಮನುಷ್ಯರನ್ನು ಎಣಿಸುವುದಿಲ್ಲ. ಅದೂ ಅಲ್ಲದೆ ಯುದ್ಧದಲ್ಲಿ ಅವರ ಮಕ್ಕಳು ಹೋಗಿಬಿಟ್ಟರು."

ಯುದ್ಧವೆಂದರೆ 1967ರಿಂದ 1970ರವರೆಗೆ ನಡೆದ ಬಯಾಫ್ರಾ ಯುದ್ಧ. ಇಗ್ಬೊ ಸೀಮೆ ಬೇರೆ ದೇಶವಾಗುತ್ತೇನೆಂದು ಹೊರಟಿತು. ದಾರಿಗಳನ್ನು ಮುಚ್ಚಿ, ಆಹಾರ ಹೋಗದಂತೆ ತಡೆಯಲಾಯಿತು. ಗುಂಡಿಗಿಂತ ಹೆಚ್ಚಾಗಿ ಹಸಿವಿನಿಂದಲೇ ಜನ ಸತ್ತರು, ಅದರಲ್ಲೂ ಮಕ್ಕಳು. ಸತ್ತವರು ಐದು ಲಕ್ಷವೆನ್ನುವವರಿದ್ದಾರೆ, ಮೂವತ್ತು ಲಕ್ಷವೆನ್ನುವವರೂ ಇದ್ದಾರೆ. ಅಂದರೆ ಯಾರೂ ಎಣಿಸಲಿಲ್ಲ ಎಂದೇ ಅರ್ಥ.

ಮಕ್ಕಳನ್ನು ಎಣಿಸಬಾರದು ಎನ್ನುವುದು ನಮ್ಮಲ್ಲೂ ಇತ್ತಲ್ಲ! ಊಟಕ್ಕೆ ಸಾಲಾಗಿ ಕೂತ ಮಕ್ಕಳನ್ನು ಬೆರಳಿಟ್ಟು ಎಣಿಸಿದರೆ ನಮ್ಮ ಅಜ್ಜಿ "ದೃಷ್ಟಿಯಾದೀತು ಕಣೇ" ಎಂದು ಕೈಗೆ ಹೊಡೆಯುತ್ತಿದ್ದಳು. ಎಣಿಸುವುದು ಕುರಿಯನ್ನು, ಕಾಯಿಯನ್ನು, ದುಡ್ಡನ್ನು. ಮನೆಯವರನ್ನು ಯಾರಾದರೂ ಎಣಿಸುತ್ತಾರೆಯೇ? ಎಲ್ಲೋ ಸಾವಿರಾರು ಮೈಲಿ ಆಚೆಯ ಎಣ್ಣೆ ಮಾರುವ ಮುದುಕಿಗೂ ನಮ್ಮ ಅಜ್ಜಿಗೂ ಈ ಒಂದು ವಿಷಯದಲ್ಲಿ ಒಮ್ಮತವಿತ್ತು.

ಮುಂದೊಂದು ದಿನ ಆ ಮುದುಕಿಯೇ ಚಿಕ್ಕಮ್ಮನಿಗೆ "ಹೆಂಗಸರ ಯುದ್ಧ"ದ ವಿಷಯ ಹೇಳಿದಳಂತೆ. ತಾನಾಗ ಹೊಸದಾಗಿ ಮದುವೆಯಾದವಳು, ಅತ್ತೆಯ ಜೊತೆ ಹೋಗಿದ್ದೆ ಎಂದಳಂತೆ. ಚಿಕ್ಕಮ್ಮ ಹೇಳಿದ್ದನ್ನು ಆಗ ನಾನು ಕಥೆಯಂತೆ ಕೇಳಿದೆ. ಮೇಷ್ಟ್ರಾದ ಮೇಲೆ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಹುಡುಕಿ ಓದಿದೆ. ಕಥೆಗಿಂತ ಇತಿಹಾಸವೇ ದೊಡ್ಡದಿತ್ತು.

ಇಗ್ಬೊ ಜನರಲ್ಲಿ ಬಹುಪಾಲು ಕಡೆ ರಾಜರಿರಲಿಲ್ಲ. ಊರಿನವರೆಲ್ಲ ಕೂತು ಮಾತಾಡಿ ತೀರ್ಮಾನಿಸುವುದು ರೂಢಿ. ಹೆಂಗಸರಿಗೂ ತಮ್ಮದೇ ಕೂಟಗಳಿದ್ದವು. ತವರಿನ ಹೆಣ್ಣುಮಕ್ಕಳದೊಂದು, ಊರಿಗೆ ಸೊಸೆಯರಾಗಿ ಬಂದವರದೊಂದು. ಸಂತೆಯ ಕಟ್ಟಳೆಗಳನ್ನು ಮಾಡುವವರೂ ಅವರೇ. ಬ್ರಿಟಿಷರಿಗೆ ಇದು ಅರ್ಥವಾಗಲಿಲ್ಲ. ಅರಸನಿಲ್ಲದ ಊರನ್ನು ಆಳುವುದು ಹೇಗೆ? ಆದ್ದರಿಂದ ತಾವೇ ಊರಿಗೊಬ್ಬ ನಾಯಕನನ್ನು ಮಾಡಿ, ಕೈಗೊಂದು ಸರ್ಕಾರಿ ಸನ್ನದು, ತಲೆಗೊಂದು ಟೋಪಿ ಕೊಟ್ಟರು. ವಾರಂಟ್ ಚೀಫ್ ಎಂದು ಇವರ ಹೆಸರು. ಊರವರು ಆರಿಸಿದವರಲ್ಲವಾದ್ದರಿಂದ ಇವರಿಗೆ ಊರವರ ಅಂಜಿಕೆಯೂ ಇರಲಿಲ್ಲ. ಲಂಚ, ಬಿಟ್ಟಿ ಕೆಲಸ, ತೆರವು ಕೊಡದೆ ಹುಡುಗಿಯರನ್ನು ಮನೆಗೆ ಕರೆದೊಯ್ಯುವುದು, ಹೀಗೆ ದೂರುಗಳು ಬೆಳೆಯುತ್ತಾ ಹೋದವು.

1926ರ ಸುಮಾರಿಗೆ ಗಂಡಸರ ಎಣಿಕೆಯಾಯಿತು. ಇದು ತೆರಿಗೆಗಲ್ಲ ಎಂದು ಆಗ ಹೇಳಿದ್ದರು. 1928ರಲ್ಲಿ ಗಂಡಸರ ಮೇಲೆ ತೆರಿಗೆ ಬಂದೇ ಬಂತು. ಅದೇ ಹೊತ್ತಿಗೆ ತಾಳೆ ಎಣ್ಣೆಯ ಬೆಲೆ ಇಳಿಯಿತು. ಆ ಸೀಮೆಯಲ್ಲಿ ತಾಳೆಯ ಎಣ್ಣೆ ಗಂಡನದು, ಒಡೆದು ತೆಗೆದ ಬೀಜ ಹೆಂಡತಿಯದು ಎಂದು ಲೆಕ್ಕ. ಬೀಜ ಮಾರಿದ ಕಾಸು ಅವಳ ಸ್ವಂತದ್ದು. ನಮ್ಮಲ್ಲಿ ಹಾಲು, ಮೊಸರು, ಕೋಳಿಮೊಟ್ಟೆಯ ಕಾಸು ಹೆಂಗಸರ ಸೆರಗಿನ ಗಂಟಿನಲ್ಲಿರುತ್ತಿತ್ತಲ್ಲ, ಹಾಗೆ. ಬೆಲೆ ಇಳಿದಾಗ ಮೊದಲು ಕರಗಿದ್ದು ಆ ಗಂಟೇ. ಸಾಲದ್ದಕ್ಕೆ ಗಂಡನ ತೆರಿಗೆಗೂ ಅದರಿಂದಲೇ ಕೊಡಬೇಕಾಯಿತು.

ಇಂಥ ಹೊತ್ತಿನಲ್ಲಿ, 1929ರಲ್ಲಿ, ಬೆಂಡೆ ಎಂಬ ವಿಭಾಗದ ಬ್ರಿಟಿಷ್ ಅಧಿಕಾರಿಗೆ ಹಳೆಯ ಪಟ್ಟಿ ಸರಿಯಿಲ್ಲವೆನಿಸಿತು. ಹೊಸದಾಗಿ ಎಣಿಸಿರಿ, ಹೆಂಡತಿಯರು, ಮಕ್ಕಳು, ಆಡು ಕುರಿಗಳನ್ನೂ ಬರೆಯಿರಿ ಎಂದು ಅಪ್ಪಣೆಯಾಯಿತು. ಒಲೊಕೊ ಎಂಬ ಊರಿನ ಚೀಫ್ ಒಕುಗೊ ಈ ಕೆಲಸಕ್ಕೆ ಒಬ್ಬನನ್ನು ನೇಮಿಸಿದ. ಆತ ಮಿಷನ್ ಶಾಲೆಯ ಮೇಷ್ಟ್ರು. ಹೆಸರು ಮಾರ್ಕ್ ಎಮೆರುವಾ.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಅಲ್ಲೂ ಮೇಷ್ಟ್ರೇ! ಓದು ಬರಹ ಬಲ್ಲವನು, ಊರಿಗೆ ಪರಿಚಿತನು, ಮೇಲಿನವರು ಹೇಳಿದರೆ ಇಲ್ಲವೆನ್ನಲಾರದವನು. ಎಲ್ಲ ಕಾಲದಲ್ಲೂ ಎಲ್ಲ ಸರ್ಕಾರಗಳಿಗೂ ನಾವೇ ಕಣ್ಣಿಗೆ ಬೀಳುತ್ತೇವೇನೋ.

ನವೆಂಬರ್ ತಿಂಗಳ ಒಂದು ದಿನ ಎಮೆರುವಾ ನ್ವಾನ್ಯೆರುವಾ ಎಂಬ ಹೆಂಗಸಿನ ಅಂಗಳಕ್ಕೆ ಹೋದ. ಅವಳು ತಾಳೆ ಎಣ್ಣೆ ತೆಗೆಯುವ ಕೆಲಸದಲ್ಲಿದ್ದಳು. ನಿನ್ನ ಆಡು, ಕುರಿ, ಜನ ಎಷ್ಟೆಂದು ಎಣಿಸಿ ಹೇಳು ಎಂದ. ಅವಳು ತಲೆಯೆತ್ತಿ ಕೇಳಿದ್ದು ಒಂದೇ ಮಾತು: "ನಿನ್ನ ತಾಯಿಯನ್ನು ಎಣಿಸಿದ್ದರೇನು?" ಮಾತಿಗೆ ಮಾತು ಬೆಳೆದು ಇಬ್ಬರೂ ಕತ್ತಿಗೆ ಕೈ ಹಾಕಿದರು.

ಆ ಪ್ರಶ್ನೆಯಲ್ಲಿ ಎಷ್ಟು ಸಂಗತಿಗಳಿವೆ ನೋಡಿ. ಹೆಂಗಸರಿಗೆ ತೆರಿಗೆ ಹಾಕುವ ಪದ್ಧತಿ ನಿನ್ನ ತಾಯಿಯ ಕಾಲದಲ್ಲಿತ್ತೇ ಎನ್ನುವುದು ಒಂದು. ನೀನೂ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ ಎನ್ನುವುದು ಇನ್ನೊಂದು. ಯಾರೋ ಕಳಿಸಿದರೆಂದು ನನ್ನ ಅಂಗಳಕ್ಕೆ ಬಂದು ನನ್ನನ್ನು ಕುರಿಯ ಜೊತೆ ಸೇರಿಸುತ್ತೀಯಲ್ಲ ಎನ್ನುವುದು ಮತ್ತೊಂದು.

ನ್ವಾನ್ಯೆರುವಾ ಅಲ್ಲಿಂದ ಹೆಂಗಸರ ಕೂಟಕ್ಕೆ ಓಡಿದಳು. ತೆರಿಗೆ ನಮ್ಮ ಮೇಲೂ ಬಂತು ಎಂದಳು. ಹೆಂಗಸರು ತಾಳೆಯ ಗರಿಗಳನ್ನು ಊರೂರಿಗೆ ಕಳಿಸಿದರು. ನಾವು ಅಕ್ಷತೆ ಕೊಟ್ಟು ಮದುವೆಗೆ ಕರೆಯುವಂತೆ, ಆ ಗರಿಯೇ ಕರೆ. ಗರಿ ತಲುಪಿದ ಊರಿನವರು ಮುಂದಿನ ಊರಿಗೆ ಗರಿ ಕಳಿಸಿದರು. ಕೆಲವೇ ದಿನಗಳಲ್ಲಿ ಸಾವಿರಾರು ಹೆಂಗಸರು ಒಕುಗೊನ ಮನೆಯ ಮುಂದೆ ನೆರೆದರು.

ಅವರು ಮಾಡಿದ್ದೇನು ಗೊತ್ತೆ? ಆ ಸೀಮೆಯಲ್ಲಿ "ಗಂಡಸಿನ ಮೇಲೆ ಕೂರುವುದು" ಎಂಬ ಒಂದು ಹಳೆಯ ಪದ್ಧತಿಯಿತ್ತು. ಹೆಂಡತಿಯನ್ನು ಹೊಡೆದವನು, ಸಂತೆಯ ಕಟ್ಟಳೆ ಮುರಿದವನು, ಹೆಂಗಸರ ಬೆಳೆಗೆ ದನ ಬಿಟ್ಟವನು ಇದ್ದರೆ ಹೆಂಗಸರೆಲ್ಲ ಸೇರಿ ಅವನ ಮನೆಯ ಮುಂದೆ ಹೋಗಿ ಕೂರುವುದು. ರಾತ್ರಿಯೆಲ್ಲ ಕುಣಿಯುವುದು, ಅವನ ಗುಣಗಾನವನ್ನು ಹಾಡು ಕಟ್ಟಿ ಹಾಡುವುದು, ಗೆಡ್ಡೆ ಕುಟ್ಟುವ ಒನಕೆಯಿಂದ ಅವನ ಮನೆಯ ಗೋಡೆಯನ್ನು ಕುಟ್ಟುವುದು. ಅವನು ತಪ್ಪಾಯಿತೆಂದು ಹೇಳುವ ತನಕ ಏಳುವುದಿಲ್ಲ. ಒನಕೆ ಎಂದರೆ ನಮಗೆ ಚಿತ್ರದುರ್ಗದ ಓಬವ್ವ ನೆನಪಾಗುತ್ತಾಳೆ. ಆದರೆ ಈ ಹೆಂಗಸರ ಒನಕೆ ತಲೆಗಲ್ಲ, ಗೋಡೆಗೆ. ಗಂಡಸಿನ ಮಾನಕ್ಕೆ ಅಷ್ಟು ಸಾಕಿತ್ತು.

ಒಲೊಕೊದ ಹೆಂಗಸರು ಮೂವರು ಮುಂದಾಳುಗಳನ್ನು ಆರಿಸಿದರು: ಇಕೊನ್ನಿಯಾ, ನ್ವಾನ್ನೆದಿಯಾ, ನ್ವುಗೊ. ಈ ಮೂವರೂ ಮಾತು ಬಲ್ಲವರು, ತಾಳ್ಮೆಯವರು. ಅಧಿಕಾರಿಯ ಮುಂದೆ ಕೂತು ಎರಡು ವಿಷಯ ಕೇಳಿದರು. ಹೆಂಗಸರಿಗೆ ತೆರಿಗೆಯಿಲ್ಲವೆಂದು ಬರೆದುಕೊಡಿ, ಒಕುಗೊನ ಟೋಪಿ ತೆಗೆಸಿರಿ. ಎರಡೂ ಆದವು. ಒಕುಗೊನ ವಿಚಾರಣೆಯಾಗಿ ಎರಡು ವರ್ಷ ಸಜೆಯಾಯಿತು. ಬ್ರಿಟಿಷ್ ಸರ್ಕಾರ ತಾನೇ ಕೂರಿಸಿದ ನಾಯಕನನ್ನು ಹೆಂಗಸರ ಮಾತಿಗೆ ಸೆರೆಮನೆಗೆ ಕಳಿಸಿತು!

ಸುದ್ದಿ ಹರಡಿದಂತೆ ಬೇರೆ ಊರುಗಳ ಹೆಂಗಸರೂ ಎದ್ದರು. ನಮ್ಮೂರ ಚೀಫನ ಟೋಪಿಯೂ ಹೋಗಬೇಕು ಎಂದರು. ಇಗ್ಬೊಗಳಷ್ಟೇ ಅಲ್ಲ, ಇಬಿಬಿಯೊ ಮೊದಲಾದ ಬೇರೆ ಭಾಷೆಯವರೂ ಸೇರಿದರು. ಮುಖಕ್ಕೆ ಮಸಿ ಬಳಿದುಕೊಂಡು, ತಲೆಗೆ ಎಳೆಯ ಸೊಪ್ಪು ಸುತ್ತಿಕೊಂಡು, ಗರಿ ಕಟ್ಟಿದ ಕೋಲು ಹಿಡಿದು ಹೊರಟರು. ಚೀಫುಗಳು ಕೂತು ತೀರ್ಪು ಕೊಡುತ್ತಿದ್ದ ಕಟ್ಟಡಗಳನ್ನು ಸುಟ್ಟರು, ಕೆಡವಿದರು. ಅಬಾ ಪೇಟೆಯಲ್ಲಿ ಬಿಳಿಯರ ವ್ಯಾಪಾರದ ಕೋಠಿಗಳಿಗೆ ನುಗ್ಗಿದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರು ಯಾರ ಪ್ರಾಣವನ್ನೂ ತೆಗೆಯಲಿಲ್ಲ. ಹೆಂಗಸರ ಮೇಲೆ ಗುಂಡು ಹಾರಿಸುವುದಿಲ್ಲ ಎಂಬ ನಂಬಿಕೆ ಅವರಲ್ಲಿತ್ತು.

ಆ ನಂಬಿಕೆ ಡಿಸೆಂಬರ್ ತಿಂಗಳಲ್ಲಿ ಸುಳ್ಳಾಯಿತು. ಡಿಸೆಂಬರ್ 16ರಂದು ಓಪೋಬೋ ಎಂಬಲ್ಲಿ ಹೊಳೆಯ ದಂಡೆಯ ಸರ್ಕಾರಿ ಕಚೇರಿಗಳ ಬಳಿ ಹೆಂಗಸರು ಸೇರಿದರು. ಅವರ ಬೇಡಿಕೆಗಳನ್ನು ಅಧಿಕಾರಿ ಬರೆದುಕೊಂಡ. ಅಷ್ಟು ಸಾಲದು, ಟೈಪು ಮಾಡಿಸಿ ನಮ್ಮ ಊರೂರಿಗೆ ಒಂದೊಂದು ಪ್ರತಿ ಕೊಡಿ ಎಂದು ಹೆಂಗಸರು ಪಟ್ಟು ಹಿಡಿದರು. ಅಕ್ಷರ ಬಾರದವರು ಕಾಗದ ಕೇಳಿದರು! ಬಾಯಿಮಾತಿನ ಸರ್ಕಾರ ಮೊದಲೊಮ್ಮೆ ಮೋಸ ಮಾಡಿತ್ತಲ್ಲ. ಜನ ಒತ್ತರಿಸಿ ಬಂದಾಗ ಸೈನಿಕರು ಗುಂಡು ಹಾರಿಸಿದರು. ಆ ಒಂದೇ ಊರಿನಲ್ಲಿ ಮೂವತ್ತಕ್ಕೂ ಹೆಚ್ಚು ಜೀವಗಳು ಹೋದವು. ಇಡೀ ಹೋರಾಟದಲ್ಲಿ ಸತ್ತ ಹೆಂಗಸರು ಐವತ್ತಕ್ಕೂ ಹೆಚ್ಚು.

1930ರಲ್ಲಿ ವಿಚಾರಣಾ ಆಯೋಗ ಕೂತಿತು. ನೂರಾರು ಸಾಕ್ಷಿಗಳನ್ನು ಕೇಳಿತು. ನ್ವಾನ್ಯೆರುವಾಳ ಮಾತು ನಮಗೆ ಇಂದು ದೊರಕಿರುವುದು ಇಂಥ ಹೇಳಿಕೆಗಳಿಂದಲೇ. ಆಗ ಅಬಾದ ಮಿಷನ್ ಶಾಲೆಯಲ್ಲಿ ಮೇರಿ ಒಕೆಜಿ ಎಂಬ ಟೀಚರೊಬ್ಬರಿದ್ದರು. ಅವರ ಬುಡಕಟ್ಟಿನಲ್ಲಿ ಇಂಗ್ಲಿಷ್ ವಿದ್ಯೆ ಕಲಿತ ಮೊದಲ ಹೆಣ್ಣುಮಗಳು. ಆಕೆ ಹೋರಾಟಕ್ಕೆ ಇಳಿದವರಲ್ಲ. ಆದರೆ ಹೆಂಗಸರ ಕಷ್ಟಗಳನ್ನೆಲ್ಲ ಬರೆದು ಆಯೋಗಕ್ಕೆ ಕಳಿಸಿದರು. ಒಬ್ಬ ಮೇಷ್ಟ್ರ ಪೆನ್ನಿನಿಂದ ಶುರುವಾದ ಗಲಾಟೆಗೆ ಇನ್ನೊಬ್ಬ ಮೇಷ್ಟ್ರ ಪೆನ್ನು ಸಾಕ್ಷಿ ಹೇಳಿತು ಎಂದು ನನಗೆ ಸಮಾಧಾನ.

ಮುಂದೆ ವಾರಂಟ್ ಚೀಫುಗಳ ಪದ್ಧತಿಯನ್ನು ಸರ್ಕಾರ ಕೈಬಿಟ್ಟಿತು. ಒಬ್ಬನೇ ಕೂತು ತೀರ್ಪು ಕೊಡುವ ಬದಲು ಊರಿನ ಹಲವರು ಕೂರುವ ನ್ಯಾಯಸ್ಥಾನಗಳು ಬಂದವು. ಆದರೆ ಬ್ರಿಟಿಷರ ಕಡತಗಳಲ್ಲಿ ಇದರ ಹೆಸರು "ಅಬಾ ದೊಂಬಿ". ಆ ಸೀಮೆಯವರ ಬಾಯಲ್ಲಿ "ಓಗು ಉಮುನ್ವಾನ್ಯಿ", ಅಂದರೆ ಹೆಂಗಸರ ಯುದ್ಧ. 1857ರಲ್ಲಿ ನಡೆದುದನ್ನು ಸಿಪಾಯಿ ದಂಗೆ ಎಂದು ಓದಿ ಬೆಳೆದ ನಮಗೆ ಈ ಹೆಸರಿನ ಆಟ ಹೊಸದೇನಲ್ಲ.

ಇದಾದ ಹದಿನೆಂಟು ವರ್ಷಕ್ಕೆ ಅದೇ ದೇಶದ ಇನ್ನೊಂದು ತುದಿಯಲ್ಲಿ, ಯೊರುಬಾ ಜನರ ಅಬೆಯೊಕುಟ ಪಟ್ಟಣದಲ್ಲಿ, ಇಂಥದೇ ಹೋರಾಟ ನಡೆಯಿತು. ಅಲ್ಲಿ ಹೆಂಗಸರು ಆಗಲೇ ಪ್ರತ್ಯೇಕವಾಗಿ ತೆರಿಗೆ ಕೊಡುತ್ತಿದ್ದರು. ಹುಡುಗರಿಗೆ ಹದಿನಾರು ತುಂಬಿದರೆ ತೆರಿಗೆ, ಹುಡುಗಿಯರಿಗೆ ಹದಿನೈದಕ್ಕೇ. ವಯಸ್ಸು ಗೊತ್ತಾಗದಿದ್ದರೆ ತೆರಿಗೆಯವರು ಹುಡುಗಿಯ ಬಟ್ಟೆ ತೆಗೆಸಿ ಮೈ ನೋಡಿ ವಯಸ್ಸು ಗೊತ್ತುಮಾಡುತ್ತಿದ್ದರು. ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ನನ್ನ ಎಂಟನೆಯ ತರಗತಿಯ ಹುಡುಗಿಯರ ಮುಖಗಳು ಕಣ್ಣ ಮುಂದೆ ಬರುತ್ತವೆ. ಎಣಿಕೆಯೆಂದರೆ ಅಷ್ಟು ದೂರ ಹೋಗಬಲ್ಲದು.

ಈ ಹೋರಾಟದ ಮುಂದಾಳು ಫುನ್ಮಿಲಾಯೊ ರಾನ್ಸಮ್ ಕುಟಿ. 1900ರಲ್ಲಿ ಹುಟ್ಟಿದಾಕೆ. ಅಬೆಯೊಕುಟದ ಗ್ರಾಮರ್ ಸ್ಕೂಲಿಗೆ ಸೇರಿದ ಮೊದಲ ಹುಡುಗಿಯರ ಸಾಲಿನವಳು, ಇಂಗ್ಲೆಂಡಿನಲ್ಲಿ ಓದಿದವಳು. ವೃತ್ತಿಯಿಂದ ಈಕೆಯೂ ಟೀಚರು, ಗಂಡನೂ ಮೇಷ್ಟ್ರು. ಮೊದಲು ಓದಿದ ಹೆಂಗಸರದೊಂದು ಕ್ಲಬ್ಬು ನಡೆಸುತ್ತಿದ್ದಳು. ಹೊಲಿಗೆ, ಅಡುಗೆ, ಒಳ್ಳೆಯ ನಡವಳಿಕೆ. ನಮ್ಮ ಊರುಗಳ ಮಹಿಳಾ ಸಮಾಜಗಳಲ್ಲಿ ನಡೆಯುತ್ತದಲ್ಲ, ಅದೇ. 1940ರ ದಶಕದಲ್ಲಿ ಸಂತೆಯ ಹೆಂಗಸರು ಅಕ್ಷರ ಕಲಿಸಿ ಎಂದು ಬಂದರು. ಕಲಿಸಲು ಕೂತವಳು ಅವರಿಂದ ತಾನೇ ಕಲಿತಳು. ಸಂತೆಯಲ್ಲಿ ಅವರ ಅಕ್ಕಿಯನ್ನು ಅಧಿಕಾರಿಗಳ ಆಳುಗಳು ಹೇಗೆ ಕಿತ್ತುಕೊಳ್ಳುತ್ತಾರೆ, ತೆರಿಗೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದೆಲ್ಲ ಗೊತ್ತಾಯಿತು. ಕ್ಲಬ್ಬು ಹೋಗಿ 1946ರಲ್ಲಿ ಅಬೆಯೊಕುಟ ಮಹಿಳಾ ಸಂಘವಾಯಿತು. ಈಕೆ ಗೌನು ಬಿಟ್ಟು ಸಂತೆಯ ಹೆಂಗಸರಂತೆ ಬಟ್ಟೆ ಸುತ್ತಿಕೊಂಡಳು, ಸಭೆಗಳಲ್ಲಿ ಇಂಗ್ಲಿಷು ಬಿಟ್ಟು ಯೊರುಬಾದಲ್ಲಿ ಮಾತಾಡಿದಳು.

1947ರಲ್ಲಿ ನೈಜೀರಿಯಾದ ನಾಯಕರ ನಿಯೋಗವೊಂದು ಲಂಡನ್ನಿಗೆ ಹೋಯಿತು. ಅದರಲ್ಲಿದ್ದ ಒಬ್ಬಳೇ ಹೆಂಗಸು ಈಕೆ. ಅಲ್ಲಿನ ಪತ್ರಿಕೆಯೊಂದಕ್ಕೆ ಲೇಖನ ಬರೆದು, ಬ್ರಿಟಿಷರು ಬರುವ ಮೊದಲು ನಮ್ಮ ಹೆಂಗಸರಿಗೆ ಸಮಾನತೆಯಿತ್ತು, ಅದನ್ನು ಕಳೆದವರು ನೀವು ಎಂದಳು. ಅದು ಅಚ್ಚಾದದ್ದು ಆಗಸ್ಟಿನಲ್ಲಿ, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಅದೇ ತಿಂಗಳು. ಪರದೇಶದಲ್ಲಿ ಮನೆಯ ಮಾತು ಆಡಿದಳೆಂದು ತನ್ನ ದೇಶದ ಕೆಲವರಿಗೇ ಕೋಪ ಬಂತು. ಹೆಣ್ಣುಮಕ್ಕಳ ಕಷ್ಟವನ್ನು ಹೊರಗೆ ಹೇಳಿದರೆ ಮರ್ಯಾದೆ ಹೋಗುವುದು ಕಷ್ಟ ಕೊಟ್ಟವರದ್ದಲ್ಲ, ಹೇಳಿದವಳದ್ದೇ. ಇದು ಎಲ್ಲ ದೇಶಗಳಲ್ಲೂ ಒಂದೇ ಎಂದು ಕಾಣುತ್ತದೆ.

ಆ ವರ್ಷದ ಕೊನೆಯಲ್ಲಿ ಹತ್ತು ಸಾವಿರದಷ್ಟು ಹೆಂಗಸರು ಅಲಾಕೆಯ, ಅಂದರೆ ಅಲ್ಲಿನ ಅರಸನ, ಅರಮನೆಯ ಮುಂದೆ ಹಗಲೂ ರಾತ್ರಿ ಕೂತರು. ಮೆರವಣಿಗೆಗೆ ಅನುಮತಿಯಿಲ್ಲ ಎಂದರೆ ಇದು ಮೆರವಣಿಗೆಯಲ್ಲ, ವನಭೋಜನ ಎಂದರು. ಹೆಂಗಸರ ಮೇಲಿನ ಆ ತೆರಿಗೆಯನ್ನು 1948ರಲ್ಲಿ ತಡೆಹಿಡಿಯಲಾಯಿತು. 1949ರ ಜನವರಿಯಲ್ಲಿ ಅಲಾಕೆ ಪಟ್ಟ ಬಿಟ್ಟು ಹೋದ. 1950ರ ಕೊನೆಯಲ್ಲಿ ಮತ್ತೆ ಬಂದ ಎನ್ನುವುದನ್ನೂ ಹೇಳಬೇಕು. ಗೆಲುವುಗಳು ಪೂರ್ತಿ ಗೆಲುವುಗಳಾಗುವುದು ಕಡಿಮೆ.

ಇಂಥ ಹೆಂಗಸಿಗೆ ಸ್ವತಂತ್ರ ನೈಜೀರಿಯಾ ಕೊಟ್ಟದ್ದೇನು? ಅವಳ ಮಗ ಫೆಲಾ ಹೆಸರಾಂತ ಹಾಡುಗಾರ. ಮಿಲಿಟರಿ ಸರ್ಕಾರವನ್ನು ಹಾಡಿನಲ್ಲೇ ಹಂಗಿಸಿದವನು. 1977ರ ಫೆಬ್ರವರಿಯಲ್ಲಿ ಲಾಗೋಸಿನ ಅವನ ಮನೆಗೆ ಸಾವಿರದಷ್ಟು ಸೈನಿಕರು ನುಗ್ಗಿ ಬೆಂಕಿಯಿಟ್ಟರು. ಎಪ್ಪತ್ತಾರು ವರ್ಷದ ತಾಯಿಯನ್ನು ಕಿಟಕಿಯಿಂದ ಎಸೆದರು. ಮರುವರ್ಷ ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡಳು. ಬ್ರಿಟಿಷರ ಕಾಲದಲ್ಲಿ ಅಶ್ರುವಾಯು, ತನ್ನವರ ಕಾಲದಲ್ಲಿ ಕಿಟಕಿ.

ಸ್ವಾತಂತ್ರ್ಯ ಬಂದದ್ದು 1960ರಲ್ಲಿ. ಆಮೇಲೂ ಆ ದೇಶವನ್ನು ಎಣಿಕೆಯ ಜಗಳ ಬಿಡಲಿಲ್ಲ. ಯಾವ ಸೀಮೆಯಲ್ಲಿ ಜನ ಹೆಚ್ಚೋ ಅದಕ್ಕೆ ಸಂಸತ್ತಿನಲ್ಲಿ ಸ್ಥಾನ ಹೆಚ್ಚು, ಎಣ್ಣೆಯ ಹಣದ ಪಾಲೂ ಹೆಚ್ಚು. 1962ರ ಗಣತಿ ರದ್ದಾಯಿತು. 1963ರದ್ದು ಐದೂವರೆ ಕೋಟಿಗೂ ಹೆಚ್ಚು ಎಂದಿತು, ಅದನ್ನು ನಂಬದವರೇ ಬಹಳ. 1973ರದ್ದೂ ರದ್ದು. 1991ರಲ್ಲಿ ಎಣಿಸಿದಾಗ ಒಂಬತ್ತು ಕೋಟಿಗಿಂತ ಕಡಿಮೆ ಬಂತು. 2006ರಲ್ಲಿ ಹದಿನಾಲ್ಕು ಕೋಟಿ. 2023ಕ್ಕೆ ಗೊತ್ತಾಗಿದ್ದ ಗಣತಿಯನ್ನು ಮುಂದಕ್ಕೆ ಹಾಕಿದರು. ಒಂದು ಕಾಲದಲ್ಲಿ ತೆರಿಗೆಗೆ ಹೆದರಿ ಎಣಿಕೆಗೆ ಸಿಗದೆ ತಪ್ಪಿಸಿಕೊಂಡ ಜನ, ಹಣದ ಪಾಲಿಗಾಗಿ ಎಣಿಕೆಯನ್ನು ಹಿಗ್ಗಿಸುವ ಕಾಲ ಬಂತು. ಇಷ್ಟರ ನಡುವೆ ಹೆಂಗಸರ ಲೆಕ್ಕ ಎಲ್ಲಿಗೆ ಬಂತೆಂದರೆ, 2023ರಲ್ಲಿ ಚುನಾಯಿತವಾದ ಅಲ್ಲಿನ ಸಂಸತ್ತಿನಲ್ಲಿ ಹೆಂಗಸರು ನೂರಕ್ಕೆ ಐದರಷ್ಟೂ ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ ಹೆಂಗಸರಿಗೆ ವಿಶೇಷ ಸ್ಥಾನ ಕೊಡುವ ಮಸೂದೆ ಅಲ್ಲಿ ಬಿದ್ದುಹೋಗಿತ್ತು. ಸಂಸತ್ತಿನ ಬಾಗಿಲಲ್ಲಿ ಹೆಂಗಸರು ಮತ್ತೆ ಕೂತರು.

ಇನ್ನೊಂದು ಎಣಿಕೆಯ ವಿಷಯ ಹೇಳಿ ಮುಗಿಸುತ್ತೇನೆ. 2014ರ ಏಪ್ರಿಲ್ 14ರ ರಾತ್ರಿ ಉತ್ತರದ ಚಿಬೋಕ್ ಎಂಬ ಊರಿನ ಸರ್ಕಾರಿ ಹೆಣ್ಣುಮಕ್ಕಳ ಶಾಲೆಗೆ ಬೊಕೊ ಹರಾಮ್ ಎಂಬ ಉಗ್ರರು ನುಗ್ಗಿ ಪರೀಕ್ಷೆಗೆಂದು ಬಂದಿದ್ದ 276 ಹುಡುಗಿಯರನ್ನು ಹೊತ್ತೊಯ್ದರು. ಎರಡು ದಿನ ಕಳೆಯುವುದರೊಳಗೆ ಸೈನ್ಯದವರು ಬಹುಪಾಲು ಹುಡುಗಿಯರನ್ನು ಬಿಡಿಸಲಾಗಿದೆ ಎಂದು ಪ್ರಕಟಿಸಿಬಿಟ್ಟರು. ಆಗ ಆ ಶಾಲೆಯ ಮುಖ್ಯೋಪಾಧ್ಯಾಯಿನಿ ಅಸಾಬೆ ಕ್ವಾಂಬುರಾ, ಇದು ನಿಜವಲ್ಲ, ನನ್ನ ಮಕ್ಕಳು ಬಂದಿಲ್ಲ ಎಂದು ಹೇಳಿದರು. ಸೈನ್ಯ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಬೆಳಿಗ್ಗೆ ಬೆಳಿಗ್ಗೆ ಹಾಜರಿ ಕರೆಯುವ ನಮಗೆ ಈ ಧೈರ್ಯದ ಬೆಲೆ ಗೊತ್ತು. ಹಾಜರಿ ಪುಸ್ತಕದಲ್ಲಿ ಹೆಸರಿದ್ದು ಮಗು ಎದುರಿಗಿಲ್ಲದಿದ್ದರೆ ಅದು ಬರೀ ಸಂಖ್ಯೆಯಲ್ಲ.

ತಾಯಂದಿರು ರಾಜಧಾನಿ ಅಬುಜದಲ್ಲಿ, ದೂರದ ಲಂಡನ್ನಿನಲ್ಲಿ ನೆಲೆಸಿದ್ದ ನೈಜೀರಿಯಾದವರು ತಮ್ಮ ದೇಶದ ಕಚೇರಿಯ ಮುಂದೆ, ಹುಡುಗಿಯರನ್ನು ಕರೆತನ್ನಿ ಎಂದು ಕೂಗಿದರು. ಅಬುಜದಲ್ಲಿ ಹೆಂಗಸರು ದಿನವೂ ಬಂದು ಕೂರುತ್ತಿದ್ದರು. ಹಳೆಯ ಪದ್ಧತಿಯೇ ಅಲ್ಲವೇ! ಕೆಲವರು ತಾವೇ ತಪ್ಪಿಸಿಕೊಂಡು ಬಂದರು, 2016ರಲ್ಲಿ 21, 2017ರಲ್ಲಿ 82 ಹುಡುಗಿಯರನ್ನು ಬಿಟ್ಟರು. ಹತ್ತು ವರ್ಷ ತುಂಬಿದ 2024ರಲ್ಲೂ ಎಂಬತ್ತಕ್ಕೂ ಹೆಚ್ಚು ಹುಡುಗಿಯರು ಬಂದಿರಲಿಲ್ಲ. ಅಂದು ಎಣಿಸಬೇಡಿ ಎಂದು ಎದ್ದವರ ದೇಶದಲ್ಲಿ ಇಂದು ತಾಯಂದಿರು ಸರಿಯಾಗಿ ಎಣಿಸಿ ಎಂದು ಬೀದಿಗೆ ಬರಬೇಕಾಯಿತು. ಎರಡೂ ಒಂದೇ ಮಾತೆಂದು ನನಗೆ ತೋರುತ್ತದೆ. ಕಸಿದುಕೊಳ್ಳಲು ಎಣಿಸುವುದು ಬೇರೆ, ಕಳೆದುಹೋದವರನ್ನು ಹುಡುಕಲು ಎಣಿಸುವುದು ಬೇರೆ.

ನಮ್ಮೂರ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅವಳು ಅಂದು ಕೊನೆಗೆ ಎಲ್ಲವನ್ನೂ ಹೇಳಿದಳು. "ಟಿ.ವಿ. ಮಾತ್ರ ಬರೀಬ್ಯಾಡ ಕಣವ್ವ, ಕಾರ್ಡು ಕಿತ್ಕೊಂಡಾರು" ಎಂದಳು. ಜನಗಣತಿಯ ವಿವರ ಬೇರೆ ಯಾರಿಗೂ ಹೋಗುವುದಿಲ್ಲ, ಕಾನೂನೇ ಹಾಗಿದೆ ಎಂದು ಧೈರ್ಯ ಹೇಳಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅದು ನಿಜವೂ ಹೌದು. ಆದರೆ ಮರುವರ್ಷ ಬೇರಾವುದೋ ತಪಾಸಣೆಯಲ್ಲಿ ಅವಳ ರೇಷನ್ ಕಾರ್ಡು ರದ್ದಾಯಿತು. ಸಂತೆಯಲ್ಲಿ ಸಿಕ್ಕಿದವಳು ನನ್ನನ್ನು ಬೈಯಲಿಲ್ಲ. "ನೀನು ಬರ್ಕೊಂಡು ಹೋದ್ಮೇಲೇ ಕಣವ್ವ ಹಿಂಗಾಗಿದ್ದು" ಎಂದಳಷ್ಟೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಹೇಳಲು ಬಾಯಿ ತೆರೆದೆ. ಆದರೆ ಅವಳ ಪಾಲಿಗೆ ಕಾಗದ ಹಿಡಿದು ಅಂಗಳಕ್ಕೆ ಬಂದವಳು ನಾನೊಬ್ಬಳೇ. ಯಾರ ಕಾಗದ ಯಾವುದು ಎಂದು ಅವಳು ಹೇಗೆ ತಿಳಿಯಬೇಕು?

ಎಮೆರುವಾ ಮೇಷ್ಟ್ರು ಆಮೇಲೆ ಏನೆಂದುಕೊಂಡಿದ್ದನೋ. ನಾನಂತೂ ಅಜ್ಜಿಯನ್ನು ಕರೆದುಕೊಂಡು ಅರ್ಜಿ ಬರೆದು ಕಚೇರಿಗೆ ನಾಲ್ಕು ಸಲ ಹೋದೆ. ಎಂಟು ತಿಂಗಳ ಮೇಲೆ ಹೊಸ ಕಾರ್ಡು ಬಂತು. ಪ್ರತಿ ಸಲವೂ ಅಜ್ಜಿ ಕೊಟ್ಟ ಅರ್ಜಿಗೆ ಒಂದು ಪ್ರತಿ, ಅದರ ಮೇಲೊಂದು ಮೊಹರು ಕೇಳಿ ಹಾಕಿಸಿಕೊಳ್ಳುತ್ತಿದ್ದಳು. "ಬಾಯಿಮಾತು ಬ್ಯಾಡ ಸ್ವಾಮಿ, ಕಾಗ್ದ ಕೊಡಿ" ಎನ್ನುತ್ತಿದ್ದಳು. ಅವಳಿಗೆ ಓದು ಬರುವುದಿಲ್ಲ. ಓಪೋಬೋ ಎಂಬ ಊರಿನ ಹೆಸರನ್ನು ಅವಳು ಎಂದೂ ಕೇಳಿದವಳಲ್ಲ.